ಮೂರು ಗೆರೆಯ ಪಟ್ಟಿ

ನಂಜನಗೂಡು,
ಪ್ರಮಾದೀಚ ಸಂವತ್ಸರದ ಮಾಘ ಶುದ್ಧ ದಶಮಿ, ಗುರುವಾರ
೧೯೧೪ನೇ ಇಸವಿ ಫೆಬ್ರವರಿ ೫

ಚಿರಂಜೀವಿ ಗಂಗಾಧರಸ್ವಾಮಿಗೆ ನಿನ್ನ ತಂದೆಯ ಆಶೀರ್ವಾದ.

ಮೈ ಹೇಗಿದೆ ಮಗೂ? ಹೋದ ತಿಂಗಳು ಬಂದಿದ್ದ ಜ್ವರ ಪೂರ್ತಿ ಬಿಟ್ಟಿತೋ ಇಲ್ಲವೋ, ಆಮೇಲೆ ನೀನು ಒಂದು ಮಾತೂ ಬರೆಯಲಿಲ್ಲ. ಆ ಸೀಮೆಯ ನೀರನ್ನು ಕಾಸಿ ಕುಡಿಯಬೇಕಂತೆ, ಹಾಗೆಂದು ಬರೆಯಿರಿ ಎಂದು ನಿನ್ನ ತಾಯಿ ಪ್ರತಿ ಸಲವೂ ಹೇಳುತ್ತಾಳೆ. ದಿನವೆಲ್ಲ ಬೆಂಕಿಯ ಬಾಯಲ್ಲಿ ನಿಲ್ಲುವವನಿಗೆ ನೀರು ಕಾಸಲು ಬೇರೆ ಒಲೆ ಬೇಕೇನೇ ಎಂದು ನಾನು ತಮಾಷೆ ಮಾಡಿದರೆ ಅವಳಿಗೆ ನಗು ಬರುವುದಿಲ್ಲ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ, ಬರೆದೆ ಎಂದುಕೋ. ನಿಜವಾಗಿ ಕ್ಷೇಮವಾಗಿರುವವರು ನಿನ್ನ ತಾಯಿ ಗುರುಸಿದ್ದಮ್ಮ, ನಿನ್ನ ಹೆಂಡತಿ ಪುಟ್ಟಲಕ್ಷ್ಮಿ ಮತ್ತು ಹಿತ್ತಲಲ್ಲಿರುವ ಎಮ್ಮೆ. ನನಗೆ ಕಾಯಿಲೆ ಏನೂ ಇಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ, ಅಷ್ಟೆ. ಈ ಕಾಗದ ಬರೆಯಲು ಬೆಳಗಿನಿಂದ ಎಷ್ಟು ಸಲ ಕೂತು ಎದ್ದೆನೋ ನನಗೇ ಗೊತ್ತಿಲ್ಲ. ಕಬ್ಬಿಣದ ಅಂಗಡಿಯ ಬಾಗಿಲಿಗೆ ಹೋಗುತ್ತೇನೆ, ಬೀದಿಯಲ್ಲಿ ಗಾಡಿ ಬಂದರೆ ಅದರ ಗಾಲಿ ನೋಡುತ್ತೇನೆ, ಮತ್ತೆ ಒಳಗೆ ಬರುತ್ತೇನೆ. "ನೆಲ ಸವೆದು ಹೋಗುತ್ತೆ, ಒಂದು ಕಡೆ ಕೂತ್ಕೊಳ್ಳಬಾರ್ದೇನ್ರೀ" ಎಂದು ನಿನ್ನ ತಾಯಿ ಈಗ ತಾನೇ ಗದರಿ ಹೋದಳು.

ವಿಷಯ ನಿನ್ನ ಉರುಳೆಗಳದ್ದು. ನೀನು ರೋಲು ಎನ್ನುತ್ತೀ, ನನ್ನ ಬಾಯಿಗೆ ಉರುಳೆ ಎಂದೇ ಬರುತ್ತದೆ. ಕಬ್ಬಿನ ಗಾಣದಲ್ಲಿ ಜಲ್ಲೆ ಕೊಟ್ಟ ಹಾಗೆ ಎರಡು ಎರಕದ ಉರುಳೆಗಳ ನಡುವೆ ಕೆಂಪಗೆ ಕಾದ ಉಕ್ಕನ್ನು ಕೊಡುತ್ತಾರೆ, ಅದು ಆ ಕಡೆಯಿಂದ ಪಟ್ಟಿಯಾಗಿ ಹೊರಗೆ ಬರುತ್ತದೆ ಎಂದು ನೀನು ಹೋದ ಹೊಸದರಲ್ಲಿ ಬರೆದದ್ದನ್ನು ನಾನು ಈ ಊರಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ. ದೀಪಾವಳಿಯ ಹೊತ್ತಿಗೆ ಬಂದ ನಿನ್ನ ಕಾಗದವಂತೂ ಎಲ್ಲರಿಗೂ ಬಾಯಿಪಾಠ. ಒಂದು ಗಳಿಗೆ ಬೆಂಕಿ, ಒಂದು ಗಳಿಗೆ ನೀರು, ಹೀಗೆ ಆಗಿ ಆಗಿ ಉರುಳೆಯ ಮೈ ನಮ್ಮ ಹಿಮ್ಮಡಿಯ ಹಾಗೆ ಬಿರಿಯುತ್ತದೆ. ಆಗ ಕೆಲಸ ನಿಲ್ಲಿಸಿ, ಉರುಳೆ ಇಳಿಸಿ, ಯಂತ್ರಕ್ಕೆ ಕೊಟ್ಟು ಮೇಲಿನ ಪದರ ಕಡೆಸಿ ನುಣುಪು ಮಾಡಿ ಮತ್ತೆ ಏರಿಸಬೇಕು. ಅಷ್ಟು ಹೊತ್ತು ಕಾರ್ಖಾನೆ ನಿಂತರೆ ನಿಮ್ಮ ಸಾಹೇಬರು ಹಲ್ಲು ಕಡಿಯುತ್ತಾರೆ ಎಂದೆಲ್ಲ ನೀನು ಬರೆದಿದ್ದೆ. ನೀನು ನೀರಿನ ಕೊಳವೆಗಳನ್ನು ಬೇರೆ ರೀತಿ ಜೋಡಿಸಿ, ಉರುಳೆಯ ಮೈಗೆಲ್ಲ ಒಂದೇ ಸಮ ನೀರು ಬೀಳುವಂತೆ ಮಾಡಿದ ಮೇಲೆ ಅದೇ ಉರುಳೆಗಳು ಮೊದಲಿನ ಮೂರರಷ್ಟು ಕಾಲ ಇಳಿಸದೆ ನಡೆಯುತ್ತಿವೆಯಂತೆ, ಸಾಹೇಬರು ನಿನ್ನ ಬೆನ್ನು ತಟ್ಟಿದರಂತೆ, ಯುಗಾದಿ ಕಳೆದ ಮೇಲೆ ನಿನ್ನನ್ನೇ ಉರುಳೆ ಮನೆಯ ಮೇಸ್ತ್ರಿ ಮಾಡುತ್ತಾರಂತೆ, ಮೇಸ್ತ್ರಿಗೆ ಎರಡು ಕೋಣೆಯ ಇಟ್ಟಿಗೆ ಮನೆ ಕೊಡುತ್ತಾರಂತೆ, ಆಗ ಪುಟ್ಟಲಕ್ಷ್ಮಿಯನ್ನು ಕಳಿಸಿಕೊಡಿ ಎಂದು ಕೊನೆಯಲ್ಲಿ ಒಂದು ಸಾಲು. ಕಾಗದ ಓದಿ ಹೇಳುತ್ತಿದ್ದವಳು ಅವಳೇ, ಆ ಸಾಲಿಗೆ ಬಂದಾಗ ಅವಳ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. ಮದುವೆಯಾಗಿ ಎರಡು ವರ್ಷವಾಯಿತು, ನೀವಿಬ್ಬರೂ ಒಂದು ಸೂರಿನ ಕೆಳಗೆ ಇದ್ದದ್ದು ಒಂದು ತಿಂಗಳೂ ತುಂಬಲಿಲ್ಲ. ನಾನು ಆ ಕಾಗದವನ್ನು ಜೇಬಲ್ಲಿಟ್ಟುಕೊಂಡು ಊರೆಲ್ಲ ತಿರುಗಿದೆ. ಅಂಗಡಿಗೆ ಒಂದು ಹಿಡಿ ಮೊಳೆ ಕೊಳ್ಳಲು ಬಂದವನಿಗೂ ಓದಿ ಹೇಳಿಯೇ ಮೊಳೆ ಕೊಟ್ಟೆ.

ಅದಾದ ಮೇಲೆ ಮದ್ರಾಸಿನ ಸಾಹುಕಾರರ ಮೂಲಕ ಗಾಲಿಗೆ ಕಟ್ಟುವ ಪಟ್ಟಿಗಳು ರೈಲಿನಲ್ಲಿ ಬಂದವು. ಬಿಚ್ಚಿ ನೋಡಿದರೆ ಮೇಲೆ ನಿಮ್ಮ ಕಾರ್ಖಾನೆಯ ಅಚ್ಚು! ನನ್ನ ಮಗನ ಉರುಳೆಯ ಕೆಳಗಿನಿಂದ ಬಂದ ಉಕ್ಕು ನನ್ನ ಅಂಗಡಿಗೇ ಬಂದಿದೆ ಎಂದರೆ ನನಗೆ ಹೇಗಾಗಿರಬೇಡ. ನಿನ್ನ ತಾಯಿಯನ್ನು ಕೂಗಿ ಕರೆದೆ. ಅವಳು ಪಟ್ಟಿಯ ಮೇಲೆ ಕೈಯಾಡಿಸಿ, "ರೀ, ಇದು ವಿಭೂತಿ ಅಲ್ವೇನ್ರೀ" ಎಂದಳು. ಹೌದು, ಮೂರು ಗೆರೆ. ಸಣ್ಣಗೆ, ಉಬ್ಬಿಕೊಂಡು, ಪಟ್ಟಿಗೆ ಅಡ್ಡಲಾಗಿ, ಒಂದರ ಪಕ್ಕ ಒಂದು. ಅಲ್ಲಿಂದ ಸುಮಾರು ಎರಡೂವರೆ ಮೊಳ ಮುಂದೆ ಹೋದರೆ ಮತ್ತೆ ಅದೇ ಮೂರು ಗೆರೆ, ಮತ್ತೆ ಅಷ್ಟೇ ದೂರಕ್ಕೆ ಮತ್ತೆ ಮೂರು. ಹಣೆಗೆ ವಿಭೂತಿ ಇಡದೆ ಹೊಸಲು ದಾಟದ ಹುಡುಗ ನೀನು. ಪರಸೀಮೆಯಲ್ಲಿ, ಪರಜನರ ಕಾರ್ಖಾನೆಯಲ್ಲಿ, ಯಾರಿಗೂ ತಿಳಿಯದ ಹಾಗೆ ಉರುಳೆಯ ಮೈಮೇಲೆ ನಮ್ಮ ಗುರುತು ಕೊರೆದಿದ್ದಾನೆ ನನ್ನ ಮಗ ಎಂದುಕೊಂಡೆ. ನನ್ನ ವಯಸ್ಸಿಗೆ ಅಂಗಡಿಯ ನಡುವೆ ನಿಂತು ಅತ್ತುಬಿಟ್ಟೆ ಕಣೋ. ನಿನಗೆ ಒಂದು ಮಾತು ಬರೆದು ಕೇಳಬಹುದಾಗಿತ್ತು. ಕೇಳಲಿಲ್ಲ. ಹೇಳದೆ ಮಾಡಿದ್ದನ್ನು ಕೇಳಿ ಯಾಕೆ ಹಗುರ ಮಾಡಲಿ ಎಂದು ಸುಮ್ಮನಿದ್ದೆ. ನಿನ್ನ ಮಟ್ಟಿಗೆ ಸುಮ್ಮನಿದ್ದೆ, ಊರಿನ ಮಟ್ಟಿಗಲ್ಲ.

ಒಂದು ಪಟ್ಟಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ ಹೂವು ಏರಿಸಿದೆ. ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಬಿಳಿಗೆರೆಯಿಂದ ಬಂದರು, ಬದನವಾಳಿನಿಂದ ಬಂದರು, ನರಸೀಪುರದ ಕಡೆಯವರೂ ಹೊಳೆ ದಾಟಿ ಬಂದರು. ಎಲ್ಲರ ಬಾಯಲ್ಲೂ "ಮೂರು ಗೆರೆ ಪಟ್ಟಿನೇ ಕೊಡಿ ಬುದ್ದಿ" ಎಂಬುದೊಂದೇ ಮಾತು. ಗಾಲಿಯ ಪಟ್ಟಿ ಸವೆಯದೆ ಇದ್ದವರೂ ಬಿಚ್ಚಿಸಿ ಹೊಸದು ಕಟ್ಟಿಸಿದರು. ಗಾಲಿ ಕೆಲಸದ ನಂಜುಂಡಾಚಾರಿ ಹೊಳೆಯ ದಡದಲ್ಲಿ ಬೆರಣಿಯ ಬೆಂಕಿ ಆರಲು ಬಿಡಲಿಲ್ಲ. ಗೆರೆಗಳು ಹೊರಮೈಗೇ ಬರಬೇಕು, ಅವುಗಳ ಮೇಲೆ ಸುತ್ತಿಗೆ ಬೀಳಬಾರದು ಎಂದು ನಾನೇ ನಿಂತು ಹೇಳಿದೆ, ಅವನೂ ಕೈಮುಗಿದು ಹಾಗೆಯೇ ಮಾಡಿದ. ಒಂದು ಗಾಲಿ ಒಂದು ಸುತ್ತು ಬಂದರೆ ಮಣ್ಣಿನ ಮೇಲೆ ನಾಲ್ಕು ಕಡೆ ವಿಭೂತಿ ಮೂಡುತ್ತಿತ್ತು. ಬೆಳಿಗ್ಗೆ ಎದ್ದು ಬೀದಿಯಲ್ಲಿ ಆ ಗುರುತು ನೋಡಿಕೊಂಡು ಹೊಳೆಗೆ ಹೋಗುವುದು ನನಗೆ ಅಭ್ಯಾಸವೇ ಆಗಿಹೋಯಿತು.

ಸಂಕ್ರಾಂತಿ ಕಳೆದ ವಾರ ಬದನವಾಳಿನ ಚಿಕ್ಕಮಾದು ಭತ್ತದ ಮೂಟೆ ಹೇರಿಕೊಂಡು ಬರುತ್ತಿದ್ದವನು ಇಳಿಜಾರಿನಲ್ಲಿ ಗಾಡಿಯಿಂದ ಬಿದ್ದ. ಬಿದ್ದ ಎಂದರೆ ಎಡಗಾಲಿಯ ಪಟ್ಟಿ ಫಟ್ಟನೆ ತುಂಡಾಗಿ ಕಳಚಿಕೊಂಡಿತು, ಮರದ ಗಾಲಿ ಚೂರಾಯಿತು, ಗಾಡಿ ಒಂದು ಮಗ್ಗುಲಿಗೆ ಮಗುಚಿ ಮೂಟೆಗಳೆಲ್ಲ ಅವನ ಕಾಲ ಮೇಲೆ. ಆಸ್ಪತ್ರೆಯಲ್ಲಿ ಕಾಲಿಗೆ ದಬ್ಬೆ ಕಟ್ಟಿ ಮಲಗಿಸಿದ್ದಾರೆ. ಮೂಳೆ ಕೂಡಿದರೂ ಮೊದಲಿನ ಹಾಗೆ ನಡೆಯುವುದು ಕಷ್ಟ ಎನ್ನುತ್ತಾರೆ ಡಾಕ್ಟರು. ನೋಡಲು ಹೋದೆ. ಬಾಗಿಲಲ್ಲಿ ಅವನ ಹೆಂಡತಿ ಮುತ್ತಮ್ಮ ಕೂತಿದ್ದಳು. ಬೈಯುತ್ತಾಳೆ, ಬೈಯಲಿ ಎಂದುಕೊಂಡೇ ಹೋಗಿದ್ದೆ. ಅವಳು ಎದ್ದು ನನ್ನ ಕಾಲಿಗೆ ಬಿದ್ದಳು. "ಆ ಇಬೂತಿ ಇದ್ದುದ್ಕೇ ಕಾಲಲ್ಲಿ ಓಯ್ತು ಬುದ್ದಿ, ಇಲ್ದಿದ್ರೆ ಜೀವನೇ ಓಗೋದು" ಎಂದಳು. ಗಂಗಾಧರ, ಅವಳು ನನ್ನ ಮುಖಕ್ಕೆ ಉಗುಳಿದ್ದರೂ ನಾನು ಅಷ್ಟು ಕುಗ್ಗುತ್ತಿರಲಿಲ್ಲ. ಯಾಕೆಂದರೆ ಆಸ್ಪತ್ರೆಗೆ ಹೋಗುವ ಮೊದಲೇ ನಾನು ಆ ಇಳಿಜಾರಿಗೆ ಹೋಗಿ ಬಂದಿದ್ದೆ. ಪಟ್ಟಿ ತುಂಡಾದದ್ದು ಎಲ್ಲಿ ಎಂದು ನೋಡಿ, ಆ ತುಂಡನ್ನು ಮನೆಗೆ ತಂದಿದ್ದೆ. ಮೂರು ಗೆರೆ ಇರುವ ಕಡೆಯೇ, ನಡುವಿನ ಗೆರೆಯ ಉದ್ದಕ್ಕೂ, ಕತ್ತರಿಸಿದ ಹಾಗೆ.

ಆಮೇಲೆ ನಾನು ಪಟ್ಟ ಪಾಡು ಹೇಳಿದರೆ ನೀನು ನಗುತ್ತೀಯೋ ಅಳುತ್ತೀಯೋ. ಚಿಕ್ಕಮಾದು ಮೂಟೆ ಜಾಸ್ತಿ ಹೇರಿದ್ದ ಎಂದೆ. ನಂಜುಂಡಾಚಾರಿ ಪಟ್ಟಿಯನ್ನು ಅತಿಯಾಗಿ ಕಾಯಿಸಿದ ಎಂದು ಅವನ ಮೇಲೆ ಹರಿಹಾಯ್ದೆ. ಮದ್ರಾಸಿನವರು ಕಲಬೆರಕೆ ಮಾಲು ಕಳಿಸಿದರು ಎಂದೆ. ರಸ್ತೆ ಸರಿಯಿಲ್ಲ ಎಂದೆ. ಒಂದೊಂದು ದಿನ ಒಬ್ಬೊಬ್ಬರ ಮೇಲೆ ಹಾಕಿದೆ. ನಿನ್ನ ಹೆಸರಿನ ಹತ್ತಿರ ಮಾತ್ರ ನನ್ನ ಬುದ್ಧಿ ಹೋಗಲೊಲ್ಲದು. ಅಷ್ಟರಲ್ಲಿ ಬಿಳಿಗೆರೆಯ ಬೋರಯ್ಯನ ಗಾಡಿ ಅಂಗಡಿಯ ಮುಂದೆ ನಿಂತಿತು. ಬಗ್ಗಿ ನೋಡಿದೆ. ಅವನ ಗಾಲಿಯಲ್ಲೂ ಗೆರೆಯ ಬುಡ ಬಾಯಿ ಬಿಟ್ಟಿತ್ತು, ಉಗುರು ಇಟ್ಟರೆ ಒಳಗೆ ಹೋಗುತ್ತಿತ್ತು. ಒಳಗೆ ಕಬ್ಬಿಣ ಒಂದಾಗಿಲ್ಲ, ಸೀರೆಯ ನೆರಿಗೆಯ ಹಾಗೆ ಮಡಿಸಿಕೊಂಡಿದೆ.

ಆ ದಿನ ಸಂಜೆ ನಾನು ಊಟ ಬೇಡವೆಂದು ಜಗಲಿಯ ಮೇಲೆ ಕೂತಿದ್ದೆ. ಪುಟ್ಟಲಕ್ಷ್ಮಿ ಒಳಗೆ ಹಪ್ಪಳ ಒತ್ತುತ್ತಿದ್ದಳು. "ಮಾವಯ್ಯ, ಒಂದು ಗಳಿಗೆ ಒಳಗೆ ಬನ್ನಿ" ಎಂದು ಕರೆದಳು. ಅಡಿಗೆಮನೆಗೆ ಹೋದೆ. ಅವಳ ಲಟ್ಟಣಿಗೆಯಲ್ಲಿ ಒಂದು ಸೀಳು ಬಿಟ್ಟಿತ್ತು. ಹಿಟ್ಟನ್ನು ಉದ್ದಕ್ಕೆ ಲಟ್ಟಿಸಿ ತೋರಿಸಿದಳು. ಲಟ್ಟಣಿಗೆ ಒಂದು ಸುತ್ತು ಬಂದ ಕಡೆಯೆಲ್ಲ ಹಿಟ್ಟಿನ ಮೇಲೆ ಒಂದು ಉಬ್ಬು ಗೆರೆ, ಒಂದೇ ಸಮ ದೂರಕ್ಕೆ. ಆ ಉಬ್ಬಿನ ಮೇಲೆ ಮತ್ತೆ ಲಟ್ಟಿಸಿದಳು. ಉಬ್ಬು ಮಡಿಸಿಕೊಂಡು ಹಿಟ್ಟಿನೊಳಗೆ ಕೂತಿತು, ಮೇಲಿಂದ ನೋಡಿದರೆ ಸಣ್ಣ ಗೆರೆ ಮಾತ್ರ. ಬೆರಳಿಂದ ಎಳೆದಳು, ಅಲ್ಲೇ ಬಿಟ್ಟುಕೊಂಡಿತು. ನಿನ್ನ ದೀಪಾವಳಿಯ ಕಾಗದವನ್ನು ನಮಗೆಲ್ಲ ಓದಿ ಹೇಳಿದವಳು ಅವಳೇ ಅಲ್ಲವೆ? ಉರುಳೆ ಹಿಮ್ಮಡಿಯ ಹಾಗೆ ಬಿರಿಯುತ್ತದೆ ಎಂಬುದು ಅವಳಿಗೂ ನೆನಪಿತ್ತು, ನನಗೂ ನೆನಪಿತ್ತು. ಆ ಬಿರುಕಿನ ಅಚ್ಚನ್ನು ನಾನು ವಿಭೂತಿ ಎಂದು ಪೂಜೆ ಮಾಡಿದ್ದೆ, ಅಷ್ಟೆ.

ಈಗ ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ನೀನು ನೀರು ಸರಿಯಾಗಿ ಬಿಟ್ಟದ್ದರಿಂದ ಉರುಳೆ ಬಿರಿಯುವುದು ನಿಧಾನವಾಗಿದೆ, ನಿಂತಿಲ್ಲ. ಮೊದಲಾದರೆ ಬಿರಿದ ಕೂಡಲೆ ಇಳಿಸಿ ಕಡೆಸುತ್ತಿದ್ದಿರಿ. ಈಗ ಉರುಳೆ ಇನ್ನೂ ತಿರುಗುತ್ತಿದೆ, ತಿರುಗಲಿ ಎಂದು ಬಿಟ್ಟಿದ್ದೀರಿ. ಎಷ್ಟು ಕಾಲ ನಡೆಯಿತು ಎಂದು ನೀನು ಉರುಳೆಯನ್ನು ನೋಡಿದೆ ಮಗೂ, ಅದರ ಕೆಳಗಿನಿಂದ ಬಂದ ಪಟ್ಟಿಯನ್ನು ನೋಡಿದೆಯಾ? ನೋಡಿಯೂ ಸುಮ್ಮನಿದ್ದೀಯಾ? ನೋಡಿಲ್ಲ ಎಂದೇ ನಾನು ನಂಬಿದ್ದೇನೆ. ಕಡೆಸಿದ ದಿನ ಮಾತ್ರ ಉರುಳೆಯ ಮೇಲೆ ಕೈಯಾಡಿಸಿರುತ್ತೀಯೆ, ಆಮೇಲೆ ಕೆಂಪು ಉಕ್ಕು, ಹೊಗೆ, ಗದ್ದಲ, ಸಾಹೇಬರ ಆತುರ, ಯಾವಾಗ ನೋಡುತ್ತೀಯೆ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಈ ಕಾಗದವನ್ನು ಯುಗಾದಿ ಕಳೆದ ಮೇಲೆ ಬರೆದರಾಯಿತು ಎಂದು ನಾನು ಯೋಚಿಸಿದೆ. ಒಂದು ದಿನವಲ್ಲ, ದಿನವೂ ಯೋಚಿಸಿದೆ. ನಿನಗೆ ಮೇಸ್ತ್ರಿ ಕೆಲಸ ಬರಲಿ, ಇಟ್ಟಿಗೆ ಮನೆಯ ಬೀಗದ ಕೈ ನಿನ್ನ ಕೈಗೆ ಬರಲಿ, ಸೊಸೆ ಅಲ್ಲಿಗೆ ಬಂದು ಒಲೆ ಹಚ್ಚಲಿ, ಆಮೇಲೆ ಉರುಳೆಯ ವಿಷಯ ಮೆಲ್ಲಗೆ ತಿಳಿಸಿದರೆ ಸರಿ ಎನಿಸಿತು. ಯಾಕೆಂದರೆ ಯಾವ ಉರುಳೆ ಮೂರರಷ್ಟು ಕಾಲ ನಡೆಯಿತೆಂದು ನಿನ್ನನ್ನು ಮೇಸ್ತ್ರಿ ಮಾಡುತ್ತಾರೋ, ಅದೇ ಉರುಳೆ ಕೆಟ್ಟ ಪಟ್ಟಿ ಕೊಡುತ್ತಿದೆ ಎಂದು ನೀನೇ ಬಾಯಿಬಿಟ್ಟು ಹೇಳಿದರೆ ಆ ಮನೆ ಯಾರು ಕೊಡುತ್ತಾರೆ? ಇನ್ನೆರಡು ವರ್ಷ ಅವಳು ಇಲ್ಲಿ, ನೀನು ಅಲ್ಲಿ. ಹೀಗೆ ಯೋಚಿಸುತ್ತಾ ಹೊಸಲಲ್ಲಿ ನಿಲ್ಲುತ್ತೇನೆ, ಒಂದು ಗಾಡಿ ಹೋಗುತ್ತದೆ, ಮೇಲೆ ಹೆಂಗಸರು ಮಕ್ಕಳು ಕೂತಿರುತ್ತಾರೆ, ಗಾಲಿಯಲ್ಲಿ ಮೂರು ಗೆರೆ. ಯುಗಾದಿಗೆ ಇನ್ನೂ ಎಷ್ಟು ಗಾಡಿ ಹೋಗಬೇಕೋ.

ಇಲ್ಲಿ ನಾನು ಮಾಡುವಷ್ಟು ಮಾಡುತ್ತಿದ್ದೇನೆ. ಬೀದಿಯಲ್ಲಿ ನಿಂತು ಗಾಡಿಗಳನ್ನು ತಡೆಯುತ್ತೇನೆ, ಪಟ್ಟಿ ಬಿಚ್ಚಿಸಿ, ಬೇರೆ ಕೊಡುತ್ತೇನೆ ಎನ್ನುತ್ತೇನೆ. ಒಬ್ಬರೂ ಒಪ್ಪುವುದಿಲ್ಲ ಕಣೋ! ಬೋರಯ್ಯನಿಗೆ ಗಾಲಿಯಲ್ಲಿ ಬಿಟ್ಟ ಬಾಯನ್ನು ಬೆರಳಿಟ್ಟು ತೋರಿಸಿದೆ. "ಕಟ್ಸಿದ್ದೂ ನೀವೇ, ಬಿಚ್ಚು ಅನ್ನೋದೂ ನೀವೇಯಾ? ಸಿವ ತಾನಾಗಿ ಬಂದು ಗಾಲಿ ಮ್ಯಾಲೆ ಕುಂತವ್ನೆ, ಎಬ್ಬುಸ್ಬ್ಯಾಡಿ ಯಜಮಾನ್ರೆ" ಎಂದು ಎತ್ತು ಹೊಡೆದುಕೊಂಡು ಹೋದ. ಗುರುಮಲ್ಲಪ್ಪನಿಗೆ ತಲೆ ಕೆಟ್ಟಿದೆ ಎಂದು ಊರಲ್ಲಿ ನನ್ನನ್ನು ಆಡಿಕೊಳ್ಳುತ್ತಿದ್ದಾರೆ. ಮುತ್ತಮ್ಮನಿಗೂ ಹೇಳಿ ನೋಡಿದೆ. ಪಟ್ಟಿಯ ತಪ್ಪು, ನನ್ನ ತಪ್ಪು, ದೇವರ ಹೆಸರು ಎತ್ತಬೇಡವ್ವ ಎಂದೆ. ಅವಳು ಕಿವಿ ಮುಚ್ಚಿಕೊಂಡಳು. ನಿನ್ನೆ ಬೆಳಿಗ್ಗೆ ಕೊನೆಗೆ ಅರ ತೆಗೆದುಕೊಂಡು, ಅಂಗಡಿಯ ಮುಂದೆ ಹೂವು ಏರಿಸಿ ನಿಲ್ಲಿಸಿದ್ದ ಪಟ್ಟಿಯ ಗೆರೆಗಳನ್ನು ಎಲ್ಲರ ಎದುರಿಗೆ ನಾನೇ ಉಜ್ಜಿ ತೆಗೆದೆ. ನಿನ್ನ ತಾಯಿ ಮುಖ ತಿರುಗಿಸಿ ಒಳಗೆ ಹೋದಳು. ಗೆರೆ ಅಳಿಸಿದ ಕಡೆ ಬಿರುಕು ಕಪ್ಪಗೆ ಕಂಡಿತು. ನೋಡಿ ನೋಡಿ ಎಂದು ಕೂಗಿದೆ. ನಾಲ್ಕು ಜನ ಬಂದು ನೋಡಿದರು, ಅವರಲ್ಲಿ ಇಬ್ಬರು ತಮ್ಮ ಗಾಡಿಗಳನ್ನು ನಂಜುಂಡಾಚಾರಿಯ ಕಡೆಗೆ ತಿರುಗಿಸಿದರು. ಅಷ್ಟೇ ಆಗಿರುವುದು. ಉಳಿದವರಿಗಾಗಿ ಇವತ್ತು ಮತ್ತೆ ಬೀದಿಗೆ ಇಳಿಯಬೇಕು.

ನಾನು ಬಿಚ್ಚಿಸುವುದು ಒಂದೊಂದು ಗಾಲಿ. ಅಲ್ಲಿ ನಿನ್ನ ಉರುಳೆ ಒಂದು ಸುತ್ತು ತಿರುಗಿದರೆ ಇನ್ನೊಂದು ಕೆಟ್ಟ ಗೆರೆ ಲೋಕಕ್ಕೆ ಬರುತ್ತದೆ. ಯಾವ ಊರಿನ ಗಾಲಿಗೋ, ಯಾವ ಸೇತುವೆಗೋ. ಇದನ್ನು ನೆನೆದರೆ ನನಗೆ ಕೂರಲು ಆಗುವುದಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಉರುಳೆ ಬೇಗ ಹಾಳಾಗದಂತೆ ನೀನು ಮಾಡಿದ ಉಪಾಯ ಒಳ್ಳೆಯದೇ, ಅದರ ಬಗ್ಗೆ ನನಗೆ ಈಗಲೂ ಹೆಮ್ಮೆಯೇ. ಆದರೆ ಇಳಿಸುವ ಹೊತ್ತಿಗೆ ಇಳಿಸಬೇಕು. ಏನು ಮಾಡಬೇಕೆಂದು ನಾನು ಅಪ್ಪಣೆ ಕೊಡಲಾರೆ, ಆ ಮನೆಯ ಆಸೆ ನನಗೂ ಇದೆ. ನೀನೇ ಯೋಚಿಸು. ಯುಗಾದಿಯವರೆಗೆ ತಡೆಯುವುದೋ, ಈಗಲೇ ಸಾಹೇಬರಿಗೆ ಹೇಳುವುದೋ, ನಿನ್ನ ಬುದ್ಧಿಗೆ ಬಿಟ್ಟದ್ದು ಎಂದು ಬರೆದು ಈ ಕಾಗದ ಮುಗಿಸುತ್ತೇನೆ.

ಜ್ವರದ ವಿಷಯ ತಪ್ಪದೆ ಬರೆ. ಮೈಗೆ ಎಣ್ಣೆ ಹಚ್ಚಿಕೋ. ನಿನ್ನ ತಾಯಿಯ ಆಶೀರ್ವಾದ. ಅವಳು ಕಳಿಸುತ್ತಿರುವ ಚಟ್ನಿಪುಡಿಯಲ್ಲಿ ಖಾರ ಕಡಿಮೆ ಹಾಕಿದ್ದಾಳಂತೆ. ಶ್ರೀಕಂಠೇಶ್ವರ ನಿನ್ನನ್ನು ಕಾಪಾಡಲಿ.

ಇಂತಿ ನಿನ್ನ ತಂದೆ,
ಗುರುಮಲ್ಲಪ್ಪ

ಮತ್ತೆ: ಕಾಗದ ಮಡಿಸುವಷ್ಟರಲ್ಲಿ ಪುಟ್ಟಲಕ್ಷ್ಮಿ ಕೇಳಿ ತೆಗೆದುಕೊಂಡು ಓದಿದಳು. ಕೊನೆಯ ಮಾತಿಗೆ ಬಂದು ನಿಂತಳು. "ಇದರಲ್ಲಿ ಯುಗಾದಿ ಯಾಕೆ ಬಂತು ಮಾವಯ್ಯ? ಅವರು ಮನೆಗೋಸ್ಕರ ಸುಮ್ಮನಿದ್ರೆ ಅದು ನನಗೋಸ್ಕರ ಸುಮ್ಮನಿದ್ದ ಹಾಗೆ. ನಾಳೆ ಮುತ್ತಮ್ಮನ ಎದುರಿಗೆ ನಾನು ಹೇಗೆ ಹೋಗಿ ನಿಲ್ಲಲಿ?" ಎಂದಳು. ಅವಳು ಇಟ್ಟಿಗೆ ಮನೆಗೆ ಕಾಯುವುದಿಲ್ಲವಂತೆ. ಬರುವ ಬುಧವಾರದ ರೈಲಿಗೆ ತನ್ನ ಅಣ್ಣನ ಜೊತೆ ಹೊರಡುತ್ತಾಳೆ, ನೀನು ಈಗ ಇರುವ ಗುಡಿಸಲೇ ಸಾಕಂತೆ. ನಿನ್ನ ತಾಯಿ ಬೇಡವೆನ್ನಲಿಲ್ಲ, ಟ್ರಂಕು ತುಂಬುತ್ತಿದ್ದಾಳೆ. ಚಿಕ್ಕಮಾದುವಿನ ಪಟ್ಟಿಯ ತುಂಡನ್ನು ಪುಟ್ಟಲಕ್ಷ್ಮಿ ತನ್ನ ಸೀರೆಗಳ ನಡುವೆ ಇಟ್ಟುಕೊಂಡಿದ್ದಾಳೆ, ಸಾಹೇಬರ ಮೇಜಿನ ಮೇಲೆ ಇಡಲು. ಬುದ್ಧಿಗೆ ಬಿಟ್ಟದ್ದು ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕಿದೆ ಎಂದುಕೋ. ಸ್ಟೇಷನ್ನಿಗೆ ಬಾ. ಅದಕ್ಕೆ ಮೊದಲು ಉರುಳೆ ಇಳಿಸಿರು, ರೈಲು ಇಳಿದ ಕೂಡಲೆ ಅವಳು ಕೇಳುವುದು ಅದನ್ನೇ.